ಸಾರಿನಲ್ಲಿ ಬೇಳೆ ಹುಡುಕಿದ ಹಾಡು

ಬೈಯುವುದಕ್ಕೆಂದೇ ಜನ ಎಲೆ ಅಡಿಕೆ ಕೊಟ್ಟು ಕರೆಸಿಕೊಳ್ಳುವ ಹೆಂಗಸು ನಿಮ್ಮ ಊರಿನಲ್ಲಿ ಇದ್ದಾಳೆಯೇ? ನಮ್ಮ ಕೊಳತ್ತೂರಿನಲ್ಲಿ ಇದ್ದಾಳೆ. ಅವಳೇ ನನ್ನ ಅಮ್ಮ, ಸಿದ್ದಲಕ್ಷ್ಮಮ್ಮ. ವಯಸ್ಸು ಅರವತ್ತಮೂರು, ಎತ್ತರ ನಾಲ್ಕೂಮುಕ್ಕಾಲು ಅಡಿ. ಬಾಯಿಗೆ ಮಾತ್ರ ಅಳತೆ ಇಲ್ಲ. ಇಪ್ಪತ್ತಾರು ವರ್ಷ ಸರ್ಕಾರಿ ಶಾಲೆಯ ಮಧ್ಯಾಹ್ನದ ಊಟದ ಕೇಂದ್ರದಲ್ಲಿ ಅಡುಗೆ ಮಾಡಿದವಳು. ಇನ್ನೂರು ಮಕ್ಕಳ ಅನ್ನದ ಹಂಡೆ ತಿರುವುತ್ತಾ ಹಾಡುತ್ತಿದ್ದಳಂತೆ, ಒಳಗೆ ಪಾಠ ಮಾಡುತ್ತಿದ್ದ ಮೇಷ್ಟ್ರು ಪುಸ್ತಕ ಮುಚ್ಚಿ ಕೇಳುತ್ತಿದ್ದರಂತೆ. ಇದನ್ನು ಹೇಳಿದವಳು ಅಮ್ಮನೇ. ಮೇಷ್ಟ್ರನ್ನು ನಾನು ವಿಚಾರಿಸಲು ಹೋಗಿಲ್ಲ.

ತಮಿಳುನಾಡಿನಲ್ಲಿರುವ ನಮ್ಮ ಕನ್ನಡದವರ ಮದುವೆಗಳಲ್ಲಿ ಬೀಗರ ಹಾಡು ಅಂತ ಒಂದಿದೆ. ಹೆಣ್ಣಿನ ಕಡೆಯ ಹೆಂಗಸರು ಸಾಲಾಗಿ ಕೂತು ಗಂಡಿನ ಕಡೆಯವರನ್ನು ಹಾಡಿನಲ್ಲೇ ಹೀಗಳೆಯಬೇಕು. ಅವರ ಮೂಗು, ನಡಿಗೆ, ಅವರು ತಂದ ಸೀರೆ, ಅವರ ಊರಿನ ನೀರು, ಯಾವುದನ್ನೂ ಬಿಡುವಂತಿಲ್ಲ. ಆಮೇಲೆ ಗಂಡಿನ ಕಡೆಯವರು ಉತ್ತರ ಕೊಡಬೇಕು. ಯಾರ ಬಾಯಿ ಮೊದಲು ಕಟ್ಟುತ್ತದೋ ಅವರು ಸೋತರು. ಇದಕ್ಕೂ ಕಟ್ಟುಪಾಡು ಉಂಟು. ಹೆಸರು ಹಿಡಿದೇ ಹಾಡಬೇಕು, ಹಿಂದಿನಿಂದ ಅಲ್ಲ, ಎದುರಿಗೇ ಹಾಡಬೇಕು. ಕೊನೆಗೆ ಬೆಲ್ಲದ ಪದ ಹೇಳಿ, ಒಬ್ಬರ ಬಾಯಿಗೆ ಇನ್ನೊಬ್ಬರು ಚೂರು ಬೆಲ್ಲ ಇಡಬೇಕು. ಬೆಲ್ಲ ಕರಗಿದ ಮೇಲೆ ಆಡಿದ ಮಾತೂ ಕರಗಿದ ಲೆಕ್ಕ. ಅದನ್ನು ಮತ್ತೆ ಎತ್ತುವಂತಿಲ್ಲ.

ಅಮ್ಮ ಒಂದು ಸಲವೂ ಸೋತವಳಲ್ಲ. ಮೆಟ್ಟೂರಿನಿಂದ ಆಚೆ ಈಚೆ ಯಾವ ಮದುವೆ ಇರಲಿ, "ಸಿದ್ದಲಕ್ಷ್ಮಮ್ಮನ ಬಾಯಿ ನಮ್ ಕಡೆ ಇರ್ಲಿ" ಅಂತ ಬಂದು ಕರೆಯುತ್ತಿದ್ದರು. ಅಪ್ಪ ಕೃಷ್ಣಪ್ಪ ಮೆಟ್ಟೂರು ಅಣೆಕಟ್ಟಿನ ನೀರಿನಲ್ಲಿ ಮೀನು ಹಿಡಿಯುವವನು. ಅವನ ಪಾಡಿಗೆ ಅವನು ಬಲೆ ಹೊಲಿಯುತ್ತಾ ಕೂತಿರುತ್ತಾನೆ. ಮನೆಯಲ್ಲಿ ದಿನಾ ಒಬ್ಬನೇ ಸೋಲುವುದು ಸಾಕು ಎಂಬುದು ಅವನ ಲೆಕ್ಕಾಚಾರ.

ನನ್ನ ಮದುವೆಯಲ್ಲಿ ಮಾತ್ರ ಅಮ್ಮನಿಗೆ ಸರಿಸಾಟಿ ಸಿಕ್ಕಿದ್ದಳು. ನನ್ನನ್ನು ಕೊಟ್ಟಿದ್ದು ಧರ್ಮಪುರಿ ಕಡೆಯ ಕಂಬೈನಲ್ಲೂರಿಗೆ, ಪಾಪಣ್ಣನವರ ಮಗ ಶೇಖರ್‌ಗೆ. ನನ್ನ ಅತ್ತೆ ಕುಪ್ಪಮ್ಮನೂ ಆ ಕಡೆಯ ಹಾಡುಗಾರ್ತಿ. ಅಮ್ಮ ಒಂದು ಅಂದರೆ ಅತ್ತೆ ಎರಡು. ಮಂಟಪದವರೆಲ್ಲ ಊಟ ಬಿಟ್ಟು ಬಂದು ಸುತ್ತ ನಿಂತಿದ್ದರು. ನಾನು ಮದುವಣಗಿತ್ತಿ, ತಲೆ ಬಗ್ಗಿಸಿ ನಾಚಿಕೊಳ್ಳಬೇಕಾದವಳು, ಕಿಸಕ್ಕನೆ ನಕ್ಕು ಎಲ್ಲರಿಂದ ಬೈಸಿಕೊಂಡೆ. ಕೊನೆಯಲ್ಲಿ ಅಮ್ಮ ಎದ್ದು ಸೆರಗು ಸಿಕ್ಕಿಸಿ ಇದನ್ನು ಹಾಡಿದಳು:

ಬಂದೋರು ಬೀಗರು ಕಂಬೈನಲ್ಲೂರೋರು
ಉಂಡೇಳೋ ಪಾಪಣ್ಣಂಗೆ ಎಲೆ ಸಾಲ್ದು
ಎಲೆ ಸಾಲ್ದು, ಕುಪ್ಪಮ್ಮ ಇಕ್ಕಿದ ಸಾರಲ್ಲಿ
ಬೇಳೆಯ ಹುಡುಕಾಕೆ ಟಾರ್ಚ್ ತನ್ನಿ

ಮಂಟಪ ಹಾರಿಹೋಗುವಷ್ಟು ನಗು. ಅತ್ತೆ ಉತ್ತರಕ್ಕೆ ಬಾಯಿ ತೆರೆದರು. ಅಷ್ಟರಲ್ಲಿ ಪುರೋಹಿತರು "ಮುಹೂರ್ತ, ಮುಹೂರ್ತ!" ಅಂತ ಕೂಗಿ, ನಾಗಸ್ವರ ಡೋಲು ಜೋರಾಗಿ ಶುರುವಾಗಿ, ಅವರ ಹಾಡು ಬಾಯಲ್ಲೇ ಉಳಿಯಿತು. ಯಾರೋ ಅವಸರದಲ್ಲಿ ಬೆಲ್ಲ ತಂದರು, ಇವರು ಅವರಿಗೆ, ಅವರು ಇವರಿಗೆ ಇಟ್ಟರು, ಮುಗಿಯಿತು. ಹನ್ನೆರಡು ವರ್ಷದಲ್ಲಿ ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ.

ಅದನ್ನು ಎತ್ತಿದವನು ಸೇಲಂನ ಅರವಿಂದ.

ಅರವಿಂದ ಇಪ್ಪತ್ತಾರರ ಹುಡುಗ. ಸೇಲಂನಲ್ಲೇ ಹುಟ್ಟಿ ಬೆಳೆದ ಕನ್ನಡದವನು, ಮನೆಯಲ್ಲಿ ಅರ್ಧ ಕನ್ನಡ, ಹೊರಗೆ ಪೂರ್ತಿ ತಮಿಳು. ಹಗಲು ಒಂದು ಮೊಬೈಲ್ ಅಂಗಡಿಯಲ್ಲಿ ಕೆಲಸ, ಮಿಕ್ಕ ಹೊತ್ತು ತಮಿಳಿನಲ್ಲಿ ರ‍್ಯಾಪ್ ಬರೆದು ಹಾಡಿ ಯೂಟ್ಯೂಬಿಗೆ ಹಾಕುತ್ತಾನೆ. ಹೋದ ವರ್ಷ ಕೊಳತ್ತೂರಿನ ಒಂದು ಮದುವೆಗೆ ಬಂದಿದ್ದ. ಡಿಜೆ ಸೆಟ್ಟು ಕೆಟ್ಟು ಕೂತಿತ್ತು. ಜನ ಆಕಳಿಸಲು ಶುರು ಮಾಡಿದಾಗ ಅಮ್ಮ ಬಾಯಿ ಬಿಟ್ಟಿದ್ದಾಳೆ. ಅರವಿಂದ ತಟ್ಟೆ ಕೆಳಗಿಟ್ಟು ಎದ್ದು ಬಂದನಂತೆ.

ಮರುವಾರ ಕೊಳತ್ತೂರಿನ ನಮ್ಮ ಮನೆಗೇ ಬಂದ. ಆ ದಿನ ನಾನೂ ತವರಿನಲ್ಲಿದ್ದೆ. ಅಮ್ಮನ ಕಿವಿಗೆ ದೊಡ್ಡ ಹೆಡ್‌ಫೋನು ಹಾಕಿ ಏನೋ ಕೇಳಿಸಿದ. ಅದು ಬ್ರೆಜಿಲ್ ದೇಶದ ಸಾಂಬಾ ಅಂತೆ. ಅಲ್ಲಿ ಹಿಪ್-ಹಾಪ್ ಹಾಡುವ ಹುಡುಗರು ಹಳೇ ಸಾಂಬಾ ಹಾಡುವ ಹಿರಿಯರನ್ನು ಅತಿಥಿಯಾಗಿ ಕರೆದು, ಹಳತಕ್ಕೂ ಹೊಸತಕ್ಕೂ ಗಂಟು ಹಾಕುತ್ತಾರಂತೆ. ಅದನ್ನು ಕೇಳಿದಾಗಿನಿಂದ ಅವನಿಗೆ ನಿದ್ದೆ ಇಲ್ಲವಂತೆ.

ಅಮ್ಮ ಕಣ್ಣು ಮುಚ್ಚಿ ಕೇಳಿದಳು. "ಒಬ್ಳು ಏಳ್ತಾಳೆ, ಮಿಕ್ಕೋರು ಎತ್ಕತಾರೆ. ಚಪ್ಪಾಳೆನೂ ನಮ್ಮಂಗೇ ಐತೆ" ಅಂದಳು. ಆಮೇಲೆ, "ಇವ್ಳು ಯಾರ್ನ ಬೈತಾವ್ಳೆ?"

"ಬೈತಿಲ್ಲ ಪಾಟಿ" ಅಂದ ಅರವಿಂದ. ಪಾಟಿ ಅಂದರೆ ತಮಿಳಿನಲ್ಲಿ ಅಜ್ಜಿ.

"ಪಾಟಿ ಅಂತ ಕರ್ದ್ರೆ ಕಾಪಿನೂ ಇಲ್ಲ, ಹಾಡೂ ಇಲ್ಲ. ದೊಡ್ಡಮ್ಮ ಅನ್ನು."

"ಸರಿ ದೊಡ್ಡಮ್ಮ. ಬೈಯೋದು ನಮ್ ಕಡೆ ಐತೆ, ರ‍್ಯಾಪ್‌ನಲ್ಲಿ. ಇಬ್ರು ಎದ್ರಾಎದ್ರು ನಿಂತ್ಕೊಂಡು ಒಬ್ರನ್ನೊಬ್ರು ಕಿಳಿ ಕಿಳಿ ಅಂತ ಕಿಳಿಚ್ಚಿಡ್ತಾರೆ." ಹರಿದು ಹಾಕುತ್ತಾರೆ ಅಂತ ಅವನ ತಮಿಳಿನ ಅರ್ಥ.

"ಆಮೇಲೆ ಬೆಲ್ಲ ಯಾವಾಗ ಇಕ್ತಾರೆ?"

"ಬೆಲ್ಲಾನಾ? ಬೆಲ್ಲ ಎಲ್ಲಾ ಇಲ್ಲ ದೊಡ್ಡಮ್ಮ."

"ಅಯ್ಯೋ ಕಡವುಳೆ! ಬೆಲ್ಲ ತಿನ್ದೇ ಮನೇಗೆ ಓಯ್ತಾರಾ? ಎಂಥ ಜನವೋ ಮಾರಾಯಾ!" ಅಮ್ಮ ನಿಜವಾಗಿಯೂ ಗಾಬರಿಯಾಗಿದ್ದಳು. ಅರವಿಂದ ನಕ್ಕ. ನಾನೂ ನಕ್ಕೆ. ಅಲ್ಲೇ ಎಚ್ಚರವಾಗಬೇಕಿತ್ತು ನನಗೆ.

ಅಮ್ಮ ಬಸ್ಸು ಹತ್ತಿ ಸೇಲಂಗೆ ಹೋದಳು. ಅರವಿಂದನ ಸ್ಟುಡಿಯೋ ಅಂದರೆ ಮಹಡಿ ಮೇಲಿನ ಒಂದು ಕೋಣೆ. ಗೋಡೆ ತುಂಬ ಮೊಟ್ಟೆಯ ಟ್ರೇ ಅಂಟಿಸಿದ್ದ, ಬಾಗಿಲಿಗೆ ಕಂಬಳಿ. ಅಮ್ಮ ಒಳಗೆ ಕಾಲಿಟ್ಟವಳೇ ಟ್ರೇಗಳನ್ನು ಎಣಿಸಿ, "ಇಷ್ಟು ಮೊಟ್ಟೆ ಯಾರೋ ತಿಂದ್ರು?" ಅಂತ ಕೇಳಿದಳಂತೆ. ಶಾಲೆಯ ಮಕ್ಕಳಿಗೆ ಮೊಟ್ಟೆ ಬೇಯಿಸಿದವಳಲ್ಲವೇ, ಅವಳ ಕಣ್ಣು ಅಲ್ಲಿಗೇ ಹೋಗುವುದು.

ಹಾಡಲು ಕೂತಾಗ ಅರವಿಂದ ಹೆಸರು ಬೇಡ, ಸುಮ್ಮನೆ ಬೀಗರು ಅಂದರೆ ಸಾಕು ಅಂದ. ಅಮ್ಮ ಒಪ್ಪಲಿಲ್ಲ. ಹೆಸರಿಲ್ಲದೆ ಬೈದರೆ ಅದು ಹಾಡೇ ಅಲ್ಲ. ಹೆಸರು ಬೇಕು ಅಂದರೆ, ನನ್ನ ತಮ್ಮನಿಗೆ ಇನ್ನೂ ಮದುವೆಯಾಗಿಲ್ಲವಾದ್ದರಿಂದ ಅವಳಿಗೆ ಇರುವುದು ಒಂದೇ ಬೀಗರ ಮನೆ, ನನ್ನ ಅತ್ತೆ ಮಾವನದು. ಬೇರೆಯವರ ಬೀಗರನ್ನು ಅವರ ಅಪ್ಪಣೆ ಇಲ್ಲದೆ ಬೈಯುವ ಹಾಗಿಲ್ಲ. ಎದುರಿಗೆ ಹಾಡಬೇಕು ಎಂಬ ಕಟ್ಟುಪಾಡು ಅವಳಿಗೆ ಮರೆತಿರಲಿಲ್ಲ. ಆದರೆ ಕೊನೆಯಲ್ಲಿ ಬೆಲ್ಲದ ಪದ ಇದೆಯಲ್ಲ, ಅದು ಎಲ್ಲವನ್ನೂ ತೊಳೆಯುತ್ತದೆ ಅಂದುಕೊಂಡಳು. ಮೂವತ್ತು ಪದ ಹಾಡಿ, ಮೂವತ್ತೊಂದನೆಯದಾಗಿ ಬೆಲ್ಲದ ಪದವನ್ನು ನಿಧಾನವಾಗಿ, ಕೈ ಮುಗಿದು ಹಾಡಿ ಬಂದಳು.

ಹಾಡು ಹೊರಗೆ ಬಂತು. ಅದನ್ನು ಹೊಗಳದೆ ಇರಲು ಆಗುವುದಿಲ್ಲ, ಅಷ್ಟು ಚೆನ್ನಾಗಿತ್ತು! ಕೆಳಗೆ ಸಾಂಬಾದ ಡೋಲು ದಡಬಡ ಓಡುತ್ತದೆ, ಅದರ ಮೇಲೆ ಅಮ್ಮನ ಒರಟು ಗಂಟಲು, ಅವಳು ಉಸಿರು ತೆಗೆದುಕೊಳ್ಳುವಲ್ಲಿ ಅರವಿಂದನ ತಮಿಳು ನುಗ್ಗುತ್ತದೆ. ನಮ್ಮ ಮಕ್ಕಳಿಗೆ ಕನ್ನಡ ಅಂದರೆ ಅಜ್ಜಿಯರ ಮಾತು. ಅಂಥ ಮಕ್ಕಳು ಹರೂರು ಬಸ್ಸಿನಲ್ಲಿ "ಬೇಳೆಯ ಹುಡುಕಾಕೆ ಟಾರ್ಚ್ ತನ್ನಿ" ಅಂತ ಕೂಗಿಕೊಂಡು ಹೋಗುತ್ತಿದ್ದವು. ನನ್ನ ಮಗಳು ಮಾಲಾ, ಆರು ವರ್ಷದವಳು, ನಾನು ಕನ್ನಡದಲ್ಲಿ ಕೇಳಿದರೆ ತಮಿಳಿನಲ್ಲೇ ಉತ್ತರ ಕೊಡುವವಳು, ಅವಳೂ ಇಡೀ ಹಾಡನ್ನು ಒಪ್ಪಿಸುತ್ತಿದ್ದಳು. ಅವಳ ಬಾಯಿ ಮುಚ್ಚಿಸುವುದೇ ನನಗೆ ಕೆಲಸವಾಯಿತು. ಅತ್ತೆಯ ಕಿವಿಗೆ ಬೀಳಬಾರದು ಅಂತ ನಾನು ಮಾಡದ ಸರ್ಕಸ್ಸಿಲ್ಲ.

ಕಂಬೈನಲ್ಲೂರಿನ ಹೋಟೆಲಿನಲ್ಲಿ ಮಾವನಿಗೆ ಸಾಂಬಾರು ಬಡಿಸಿದರೆ, ಪಕ್ಕದ ಟೇಬಲಿನವರು ಮೊಬೈಲಿನ ಟಾರ್ಚು ಹೊತ್ತಿಸಿ ಹಿಡಿಯುತ್ತಿದ್ದರಂತೆ. ಮಾವ ಪಾಪಣ್ಣ ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ಮನುಷ್ಯನಲ್ಲ. ಬೇಜಾರು ಹೋಗಲಿ, ಯಾರಿಗೋ ಹೇಳಿ ಅದನ್ನೇ ತಮ್ಮ ಫೋನಿನ ರಿಂಗ್‌ಟೋನ್ ಮಾಡಿಸಿಕೊಂಡು ಬಂದಿದ್ದರು! ಮನೆಗೆ ಬರುವಾಗ ಸೈಲೆಂಟ್ ಮಾಡುತ್ತಿದ್ದರು. ಒಂದು ಮಂಗಳವಾರ ಮರೆತರು. ಫೋನನ್ನು ಹಿತ್ತಿಲ ಕಲ್ಲಿನ ಮೇಲಿಟ್ಟು ಸ್ನಾನಕ್ಕೆ ಹೋಗಿದ್ದಾರೆ. ಅತ್ತೆ ಅಲ್ಲೇ ತೊಗರಿಬೇಳೆ ಕೇರುತ್ತಾ ಕೂತಿದ್ದಾರೆ. ಫೋನು ಬಡಿದುಕೊಂಡಿತು. "ಕುಪ್ಪಮ್ಮ ಇಕ್ಕಿದ ಸಾರಲ್ಲಿ..."

ಅತ್ತೆ ಕೂಗಾಡಲಿಲ್ಲ. ಮೊರವನ್ನು ಗೋಡೆಗೆ ಒರಗಿಸಿ, ಸೆರಗಿನಲ್ಲಿ ಕೈ ಒರೆಸಿಕೊಂಡು ಒಳಗೆ ಬಂದು ನನ್ನ ಮುಂದೆ ನಿಂತರು. "ಮೇನಕಾ, ಪೂರ್ತಿ ಆಕು" ಅಂದರು. ಹಾಕಿದೆ. ಕೊನೆಯವರೆಗೂ ಕೇಳಿದರು. ಡೋಲು ನಿಂತಿತು, ಅರವಿಂದ ತನ್ನ ಹೆಸರು ಹೇಳಿಕೊಂಡ, ಹಾಡು ಮುಗಿಯಿತು.

"ಬೆಲ್ಲದ ಪದ ಎಲ್ಲಿ?" ಅಂದರು ಅತ್ತೆ.

ಬೆಲ್ಲದ ಪದ ಇರಲಿಲ್ಲ. ನಾನು ಹತ್ತು ಸಲ ಕೇಳಿದ್ದೆ, ನನಗೇ ಹೊಳೆದಿರಲಿಲ್ಲ. ಇಂಥ ಮಗಳು ನಾನು.

"ಇಕ್ಕಿದ್ ಬೆಲ್ಲಾನ ಉಗ್ದು ಬಿಟ್ಟವ್ಳೆ ನಿಮ್ಮಮ್ಮ" ಅಂದರು. "ಬೆಲ್ಲ ಕರಗಿದ್ ಮಾತ್ನ ಹನ್ನೆರಡು ವರ್ಷ ಆದ್ ಮೇಲೆ ಊರ್ ಮೇಲೆ ಎರಚವ್ಳೆ, ಅದೂ ಎದ್ರಿಗೆ ಬರ್ದಂಗೆ. ಮಾಲಾ ಕಿವಿ ಚುಚ್ಚೋ ದಿನ ಅವ್ಳು ಈ ಹೊಸ್ಲು ತುಳೀಬಾರ್ದು. ಸೀರ್ ತಟ್ಟೆ ನಿನ್ ತಮ್ಮ ತರ್ಲಿ, ಸಾಕು."

ಕಿವಿ ಚುಚ್ಚುವುದಕ್ಕೆ ಉಳಿದಿದ್ದು ಹನ್ನೊಂದು ದಿನ. ನಮ್ಮಲ್ಲಿ ಮಗು ಸೋದರಮಾವನ ತೊಡೆಯ ಮೇಲೆ ಕೂರುತ್ತದೆ, ಅಜ್ಜಿ ತವರಿನ ಉಡುಗೊರೆ ಜೋಡಿಸಿದ ಸೀರ್ ತಟ್ಟೆ ಹೊತ್ತು ಮೊದಲು ಒಳಗೆ ಬರುತ್ತಾಳೆ. ಅಮ್ಮನಿಗೆ ಇರುವುದು ಇವಳೊಬ್ಬಳೇ ಮೊಮ್ಮಗಳು. ನೆಲ್ಲಿಕಾಯಿ ಗಾತ್ರದ ಡಬ್ಬಿಯಲ್ಲಿ ಓಲೆ ತಂದಿಟ್ಟು ಮೂರು ತಿಂಗಳಾಗಿತ್ತು. ಕಜ್ಜಾಯಕ್ಕೆ ಅಕ್ಕಿ ಆರಿಸಿ ಇಟ್ಟಿದ್ದಳು. ಫೋನಿನಲ್ಲಿ ವಿಷಯ ಹೇಳಿದೆ. ಮೊದಲು ಜೋರು ಮಾಡಿದಳು, "ಓಗ್ಲಿ ಬಿಡು, ಅವ್ಳ್ ಹೊಸ್ಲು ಯಾರಿಗ್ ಬೇಕು!" ಅಂದಳು. ನಾನು ಬೆಲ್ಲದ ಪದವೇ ಅದರಲ್ಲಿ ಇಲ್ಲವಂತೆ ಅಂದೆ. ಅವಳ ಹತ್ತಿರ ಯೂಟ್ಯೂಬ್ ಬರುವ ಫೋನಿಲ್ಲ, ಹಾಡನ್ನು ಅವರಿವರ ಕೈಯಲ್ಲಿ ತುಂಡು ತುಂಡಾಗಿ ಕೇಳಿದ್ದಳು. ಆಮೇಲೆ ಸಣ್ಣ ದನಿಯಲ್ಲಿ, "ಹಾಡಿದ್ದೆ ಕಣೆ. ಕೈ ಮುಗ್ದು ಹಾಡಿದ್ದೆ. ಮಗೀಗೆ ಓಲೆ ಯಾರ್ ಆಕ್ತಾರೆ ಅಂಗಾರೆ?" ಅಂದಳು. ಅಮ್ಮನ ಆ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ.

ಕೋಪ ಎಲ್ಲ ಅರವಿಂದನ ಮೇಲೆ ಇಳಿಸಿದೆ. ಫೋನಿನಲ್ಲಿ ಅವನ ಜನ್ಮ ಜಾಲಾಡಿದೆ. "ಅಕ್ಕಾ, ಲಾಸ್ಟ್ ಪದ ರೊಂಬ ಸ್ಲೋ ಇತ್ತು, ಬೀಟ್‌ಗೆ ಕೂರ್ಲಿಲ್ಲ, ಕಟ್ ಮಾಡ್ದೆ. ತೆರಿಯಾದು ಅಕ್ಕಾ, ಗೊತ್ತಿರ್ಲಿಲ್ಲ" ಅಂದ. ಹಾಡನ್ನೇ ಅಳಿಸಿಬಿಡುತ್ತೇನೆ ಅಂದ. ಅತ್ತೆಗೆ ಅದನ್ನು ಹೇಳಿದೆ.

"ಅಳ್ಸಿದ್ರೆ? ಕೇಳಿದ್ ಕಿವಿ ಎಲ್ಲಾನೂ ಅಳ್ಸಾಕಾಯ್ತದಾ?"

ಮೂರು ದಿನ ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಸಾರು ಮಾತ್ರ ಮಾಡುತ್ತಲೇ ಇದ್ದರು. ಮೊದಲ ದಿನ ಗಟ್ಟಿ ಇತ್ತು, ಎರಡನೆಯ ದಿನ ಇನ್ನೂ ಗಟ್ಟಿ, ಮೂರನೆಯ ದಿನ ಸೌಟು ತಾನಾಗಿ ನಿಂತಿತು. ಮಾವ ನನ್ನ ಮುಖ ನೋಡಿದರು, ನಾನು ಅವರ ಮುಖ ನೋಡಿದೆ. ನಾಲ್ಕನೆಯ ದಿನ ನನ್ನ ತಾಳ್ಮೆ ಕೈಕೊಟ್ಟಿತು. ನಾನೂ ಸಿದ್ದಲಕ್ಷ್ಮಮ್ಮನ ಮಗಳೇ ತಾನೇ.

"ಅತ್ತೆ, ಬೀಗರ ಹಾಡಿಗೆ ನಮ್ಮೋರು ಉತ್ತರ ಕೊಡ್ತಾರೆ. ಮುನಿಸ್ಕೊಳ್ಳೋರನ್ನ ನಾನೆಲ್ಲೂ ಕಾಣ್ಲಿಲ್ಲ. ಉತ್ತರ ಇಲ್ದೆ ಇದ್ರೆ ಇಲ್ಲ ಅಂತ ಏಳ್ಬಿಡಿ" ಅಂದೆ.

ಅತ್ತೆ ತಿರುಗಿ ನೋಡಿದರು. "ಉತ್ತರ ಇಲ್ಲ ಅಂದ್ಕಂಡ್ಯಾ? ಹನ್ನೆರಡು ವರ್ಷದಿಂದ ಐತೆ ಕಣೆ! ಡೋಲು ಬಡ್ದು ನನ್ ಬಾಯ್ ಮುಚ್ಚಿದ್ರಿ. ಬಾ ಅನ್ನು ನಿಮ್ಮಮ್ಮಂಗೆ."

"ಎಲ್ಲಿಗೆ?"

"ಅವ್ಳು ಎಲ್ ಕೂತ್ಕಂಡ್ ಬೈದ್ಲೋ ಅಲ್ಲಿಗೇ. ಎದ್ರಿಗೆ ಇರ್ಬೇಕು. ಮೊಟ್ಟೆ ಟ್ರೇಗೆ ಹಾಡಾಕೆ ನನಗೇನು ಗ್ರಾಚಾರ?"

ಹಾಗೆ ಒಂದು ಭಾನುವಾರ ನಾವು ಧರ್ಮಪುರಿಗೆ ಬಂದು ಸೇಲಂ ಬಸ್ಸು ಹಿಡಿದೆವು. ಅತ್ತೆ ರೇಷ್ಮೆ ಸೀರೆ ಉಟ್ಟಿದ್ದರು. ದಾರಿಯುದ್ದಕ್ಕೂ ತುಟಿ ಆಡಿಸುತ್ತಾ ಕಿಟಕಿಯಾಚೆ ನೋಡುತ್ತಿದ್ದರು. ಅಮ್ಮ ಮೆಟ್ಟೂರು ಬಸ್ಸಿನಲ್ಲಿ ನಮಗಿಂತ ಮೊದಲೇ ಬಂದು ಅರವಿಂದನ ಕೋಣೆಯ ಮೂಲೆಯಲ್ಲಿ ಕೂತಿದ್ದಳು. ಮಡಿಲಲ್ಲಿ ಒಂದು ಸಣ್ಣ ಪೊಟ್ಟಣ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಅರವಿಂದ ಟೀ ತಂದರೆ ಇಬ್ಬರೂ ಬೇಡ ಅಂದರು. ಅವನು ಹೆದರಿ ಮೂರು ಲೋಟವನ್ನೂ ತಾನೇ ಕುಡಿದ.

ಅತ್ತೆ ಮೈಕಿನ ಮುಂದೆ ಕೂರಲು ಒಪ್ಪಲಿಲ್ಲ. ಅಮ್ಮನ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಚಾಪೆಯ ಮೇಲೆ ಕೂತರು. ಅರವಿಂದನೇ ಮೈಕನ್ನು ಎತ್ತಿ ತಂದು ಇಬ್ಬರ ನಡುವೆ ನಿಲ್ಲಿಸಿದ. ಸಾಂಬಾ ಡೋಲು ಹಾಕಿದ. ಅತ್ತೆ ನಾಲ್ಕು ಸುತ್ತು ಕೇಳಿದರು, ಐದನೆಯ ಸುತ್ತಿಗೆ ಚಪ್ಪಾಳೆ ಸೇರಿಸಿದರು, ಆಮೇಲೆ ಗಂಟಲು ಎತ್ತಿದರು:

ಬಂದೋಳೆ ಬೀಗಿತಿ ಕೊಳತ್ತೂರ ಸಿದ್ಲಕ್ಷ್ಮಿ
ನಲವತ್ತು ಅಂತೇಳಿ ಎಂಬತ್ತ
ಎಂಬತ್ತ ಕರೆತಂದೆ, ಬೇಳೆ ಎಲ್ಲೋಯ್ತಂತ
ನಿನ್ನೋರ ಹೊಟ್ಟೇಗೆ ಟಾರ್ಚ್ ಬಿಡು

ನನಗೆ ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನನ್ನ ಮದುವೆಗೆ ಮೊದಲು ನಮ್ಮ ಕಡೆಯವರು ಗಂಡಿನ ಮನೆ ನೋಡಲು ಕಂಬೈನಲ್ಲೂರಿಗೆ ಹೋಗಿದ್ದರು. ಹೆಣ್ಣು ಅಲ್ಲಿಗೆ ಹೋಗುವ ಪದ್ಧತಿ ಇಲ್ಲ, ಹಾಗಾಗಿ ನಾನು ಇರಲಿಲ್ಲ. ನಲವತ್ತು ಜನ ಬರುತ್ತೇವೆ ಅಂತ ಹೇಳಿ ಅಮ್ಮ ಎರಡು ವ್ಯಾನಿನಲ್ಲಿ ಎಂಬತ್ತು ಜನರನ್ನು ತುಂಬಿಕೊಂಡು ಹೋಗಿದ್ದಾಳೆ! ಅತ್ತೆ ಯಾರನ್ನೂ ಎಲೆಯ ಮುಂದಿನಿಂದ ಎಬ್ಬಿಸಲಾರದೆ ಸಾರಿಗೆ ನೀರು ಹೊಯ್ದಿದ್ದಾರೆ. ಅದಕ್ಕೇ ಬಂದಿದ್ದು ಆ ಟಾರ್ಚಿನ ಪದ.

"ಅಮ್ಮಾ!" ಅಂದೆ. ಅಮ್ಮ ನನ್ನ ಕಡೆ ನೋಡದೆ ಮೊಟ್ಟೆ ಟ್ರೇ ನೋಡಿದಳು. "ಎಪ್ಪತ್ತೆಂಟು" ಅಂದಳು ಮೆಲ್ಲಗೆ.

ಆದರೂ ಅಮ್ಮ ಅಮ್ಮನೇ. ಮೈ ಕೊಡವಿಕೊಂಡು ಉತ್ತರ ಹಾಡಿದಳು. ಅತ್ತೆ ಅದಕ್ಕೆ ಉತ್ತರ ಕೊಟ್ಟರು. ಇವಳು ಅವರ ಊರಿನ ಕೆರೆಯನ್ನು ಬೈದರೆ, ಅವರು ಇವಳ ಊರಿನ ಮೀನಿಗೆ ಮುಳ್ಳು ಜಾಸ್ತಿ ಅಂದರು. ಅರವಿಂದ ನಡುನಡುವೆ ತಮಿಳಿನಲ್ಲಿ ಬಾಯಿ ಹಾಕಲು ನೋಡಿ, ಇಬ್ಬರಿಂದಲೂ "ಸುಮ್ಕಿರೋ ಲೇ" ಅಂತ ಬೈಸಿಕೊಂಡ. ಮುಕ್ಕಾಲು ಗಂಟೆ ಹೀಗೇ ನಡೆಯಿತು. ಇಬ್ಬರ ಮುಖದಲ್ಲೂ ಬೆವರು, ಕಣ್ಣಿನಲ್ಲಿ ಮಿಂಚು. ಹನ್ನೆರಡು ವರ್ಷದಿಂದ ಈ ಇಬ್ಬರು ಹೆಂಗಸರಿಗೂ ಇದೇ ಬೇಕಿತ್ತು, ಕೇಳುವವರು ಇರಲಿಲ್ಲ ಅಂತ ನನಗೆ ಆಗ ತಿಳಿಯಿತು.

ಕೊನೆಗೆ ಅತ್ತೆ ಕೈ ಎತ್ತಿ ಡೋಲು ನಿಲ್ಲಿಸಲು ಹೇಳಿದರು. ಡೋಲಿಲ್ಲದೆ, ನಿಧಾನವಾಗಿ, ಅಮ್ಮನ ಮುಖವನ್ನೇ ನೋಡುತ್ತಾ ಹಾಡಿದರು:

ಟಾರ್ಚ್ ಯಾಕೆ ನಮಗಿನ್ನು, ಹನ್ನೆರಡು ವರ್ಷಾತು
ನಿನ್ ಮಗಳ ನಮ್ಮ ಹೊಸ್ಲೀಗೆ
ಹೊಸ್ಲೀಗೆ ನೀ ತಂದು ಬಿಟ್ಟೋದ ದಿನದಿಂದ
ದೀಪ ಆರಿಲ್ಲ ನಮ್ಮನೇಲಿ

ಹನ್ನೆರಡು ವರ್ಷದಲ್ಲಿ ನನ್ನ ಅತ್ತೆ ನನ್ನನ್ನು ಒಂದು ಸಲವೂ ಚೆನ್ನಾಗಿದ್ದೀಯ ಅಂದವರಲ್ಲ. ಕಾಫಿಗೆ ಸಕ್ಕರೆ ಜಾಸ್ತಿ, ಕಸ ಗುಡಿಸಿದ್ದು ಸರಿ ಇಲ್ಲ, ಮಗಳಿಗೆ ಮುದ್ದು ಹೆಚ್ಚು, ಇಷ್ಟೇ ಕೇಳಿದ್ದೆ. ಕಂಬಳಿ ಹಾಕಿದ ಆ ಬಾಗಿಲಿಗೆ ಒರಗಿಕೊಂಡು ನಾನು ಗೊಳೋ ಅಂತ ಅತ್ತುಬಿಟ್ಟೆ. ನಾಚಿಕೆಯೂ ಆಗಲಿಲ್ಲ.

ಅಮ್ಮ ಉತ್ತರಕ್ಕೆ ಬಾಯಿ ತೆರೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದಳು. ನಲವತ್ತು ವರ್ಷ ಯಾರ ಮುಂದೆಯೂ ಕಟ್ಟದ ಬಾಯಿ.

"ಸೋತೆ ಬೀಗ್ತಿ" ಅಂದಳು. ಮಡಿಲಿನ ಪೊಟ್ಟಣ ಬಿಚ್ಚಿದಳು. ಅದರಲ್ಲಿ ಇದ್ದದ್ದು ಬೆಲ್ಲ. ಅವಳು ಅತ್ತೆಯ ಬಾಯಿಗೆ ಇಟ್ಟಳು, ಅತ್ತೆ ಅವಳ ಬಾಯಿಗೆ ಇಟ್ಟರು, ಬೆಲ್ಲ ಬಾಯಲ್ಲಿ ಇಟ್ಟುಕೊಂಡೇ ಇಬ್ಬರೂ ಸೇರಿ ಬೆಲ್ಲದ ಪದ ಹಾಡಿದರು. "ಇದ್ನೇನಾದ್ರೂ ಕಟ್ ಮಾಡ್ದೋ, ನಿನ್ ಕೈನೇ ಕಟ್ ಮಾಡ್ತೀನಿ" ಅಂತ ಅತ್ತೆ ಅರವಿಂದನಿಗೆ ಹೇಳಿದರು. ಅವನು ಒಂದು ಚೂರನ್ನೂ ತೆಗೆಯಲಿಲ್ಲ. ಹೊಸ ಹಾಡಿನಲ್ಲಿ ಬೆಲ್ಲ ಕಡಿಯುವ ಸದ್ದೂ ಇದೆ, ಹಿಂದೆ ಯಾರೋ ಮೂಗು ಸೀಟುವುದೂ ಇದೆ. ಅದು ನಾನು.

ಕಿವಿ ಚುಚ್ಚುವ ದಿನ ಸೀರ್ ತಟ್ಟೆ ಹೊತ್ತು ಎಲ್ಲರಿಗಿಂತ ಮೊದಲು ಹೊಸ್ತಿಲು ದಾಟಿದವಳು ಅಮ್ಮ. ಮಾಲಾ ನನ್ನ ತಮ್ಮನ ತೊಡೆಯ ಮೇಲೆ ಕೂತು ಬೀದಿಗೆಲ್ಲ ಕೇಳುವಂತೆ ಕಿರುಚಿದಳು, ಓಲೆ ಹಾಕಿದ ಮೇಲೆ ಕನ್ನಡಿ ಬಿಟ್ಟು ಏಳಲಿಲ್ಲ. ಊಟಕ್ಕೆ ಕೂತೆವು. ಅತ್ತೆ ಎರಡು ದಿನದಿಂದ ಯಾರನ್ನೂ ಒಲೆಯ ಹತ್ತಿರ ಬಿಟ್ಟಿರಲಿಲ್ಲ. ತಾವೇ ಬಗ್ಗಿ ಅಮ್ಮನ ಎಲೆಗೆ ಸಾರು ಬಡಿಸಿದರು. ಸಾರು ಹರಿಯಲಿಲ್ಲ, ಇಟ್ಟಲ್ಲೇ ಕೂತಿತು.

ಅಮ್ಮ ಅದನ್ನು ನೋಡಿದಳು. ಬೆರಳಿನಿಂದ ಒಮ್ಮೆ ಒತ್ತಿ ನೋಡಿದಳು. ಸೆರಗು ಸಿಕ್ಕಿಸಿಕೊಂಡು, ಗಂಟಲು ಸರಿ ಮಾಡಿಕೊಂಡು ಶುರು ಮಾಡಿದಳು.

ಕುಪ್ಪಮ್ಮ ಇಕ್ಕಿದ ಸಾರನ್ನ ಕುಯ್ಯಾಕೆ
ಕುಡುಗೋಲ ತನ್ನಿ ಮಸೆದಿಟ್ಟು

ಅತ್ತೆ ಸಾರಿನ ಪಾತ್ರೆ ಕೆಳಗಿಟ್ಟು ಸೊಂಟದ ಮೇಲೆ ಕೈ ಇಟ್ಟುಕೊಂಡರು. ಮಾವ ಪಾಪಣ್ಣ ಅರ್ಧ ಊಟದಲ್ಲೇ ಎದ್ದು ಬೆಲ್ಲದ ಡಬ್ಬಿ ತರಲು ಓಡಿದರು.